ಜೋಡಿಸಿದ ಟ್ರಾಂಬೋನ್ ಮತ್ತು ಅವಯವಿಯ ಪ್ರಶ್ನೆ

ಟ್ರಾಂಬೋನನ್ನು ಬಿಚ್ಚಿದರೆ ಮೂರು ಭಾಗ: ಮೌತ್‌ಪೀಸ್, ಒಳಗೊಳವೆಯ ಮೇಲೆ ಹೊರಗೊಳವೆ ಜಾರುವ ಸ್ಲೈಡ್, ಅರಳಿದ ಬಾಯಿಯ ಬೆಲ್. ಸ್ಲೈಡನ್ನು ಏಳು ನೆಲೆಗಳಲ್ಲಿ ಸರಿಸಿ ಸ್ವರ ಬದಲಿಸುತ್ತಾರೆ. ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳುವ ವಾದ್ಯವಾದ್ದರಿಂದ ಇದಕ್ಕೆ ಮಾರ್ಪಾಡೂ ಸಲೀಸು. ಬೆಲ್ ಒಬ್ಬ ತಯಾರಕನದು, ಸ್ಲೈಡ್ ಇನ್ನೊಬ್ಬನದು, ಮಂದ್ರಕ್ಕೆ ಇಳಿಯಲು ಎಡಗೈ ಹೆಬ್ಬೆರಳಿನಿಂದ ಒತ್ತುವ ವಾಲ್ವ್ ಆಮೇಲೆ ಯಾರೋ ಬೆಸೆದದ್ದು. ಹಳೆಯ ವಾದ್ಯಗಳಲ್ಲಿ ಇಂಥ ಜೋಡಣೆ ಸಿಗುತ್ತದೆ. ಆ ವಾಲ್ವ್ ಕೂಡ ಮೂಲದಲ್ಲಿ ಮಾರ್ಪಾಡೇ. 1839ರಲ್ಲಿ ಲೈಪ್‌ಜಿಗ್‌ನ ಕ್ರಿಸ್ಟಿಯಾನ್ ಫ್ರೀಡ್ರಿಕ್ ಸಾಟ್ಲರ್ ಅದನ್ನು ಸೇರಿಸಿದ. ಬೆಲ್ ಮತ್ತು ಸ್ಲೈಡ್ ಮೇಲಿನ ಕ್ರಮಸಂಖ್ಯೆಗಳು ತಾಳೆಯಾಗದಿದ್ದರೆ ವಾದ್ಯ ಒಂದೇ ಕೈಯ ಕೆಲಸವಲ್ಲ ಎಂಬ ಅನುಮಾನ ಹುಟ್ಟುತ್ತದೆ.

ಹಿತ್ತಾಳೆ ವಾದ್ಯಗಳು ಮೈಸೂರು, ಮಂಡ್ಯ ಸೀಮೆಗೆ ಹೊಸತಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂದು ಎರಡು ತಂಡಗಳಿದ್ದವು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮದುವೆ, ಮೆರವಣಿಗೆಗಳಿಗೆ ಬ್ಯಾಂಡ್‌ಸೆಟ್ ಕರೆಸುವುದೂ ಬಹುಕಾಲದ ರೂಢಿ. ಇಂಥ ತಂಡಗಳಲ್ಲಿ ನಗ್ಗಿದ ಬೆಲ್ ಅನ್ನು ಬಡಿದು ಸರಿಮಾಡಿ, ಸೀಳಿದ ಕೊಳವೆಗೆ ಬೆಸುಗೆ ಹಾಕಿ, ಸವೆದ ಭಾಗಕ್ಕೆ ಬೇರೆಯದನ್ನು ಕೂಡಿಸಿ ಬಾಳಿಸಿದ ವಾದ್ಯ ಹಳೆಯದೇ, ಹೊಸತೇ?

ಈ ಮಾತಿನೊಳಗೆ ಎರಡು ಪ್ರಶ್ನೆಗಳು ಬೆರೆತಿವೆ. ಇದು ಈಗಲೂ ಟ್ರಾಂಬೋನೇ ಎಂಬುದು ಜಾತಿಯ ಪ್ರಶ್ನೆ. ಇದು ಅದೇ ಟ್ರಾಂಬೋನೇ ಎಂಬುದು ವ್ಯಕ್ತಿಯ ಪ್ರಶ್ನೆ. ಜಾತಿಯ ವಿಷಯದಲ್ಲಿ ಲೋಕ ಧಾರಾಳಿ. ಸ್ಲೈಡನ್ನೇ ತೆಗೆದು ವಾಲ್ವ್‌ಗಳನ್ನಿಟ್ಟ ವಾದ್ಯವೂ ಟ್ರಾಂಬೋನ್ ಎಂದೇ ಕರೆಸಿಕೊಳ್ಳುತ್ತದೆ. ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ದೂರದ ಶ್ರೋತೃಗಳಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಹೂಡಿದರು. ನಾಲ್ಕು ತಂತಿಯ ವಾದ್ಯಕ್ಕೆ ಏಳು ಬಂದರೂ ಅದು ಪಿಟೀಲಾಗಿಯೇ ಉಳಿಯಿತು.

ವ್ಯಕ್ತಿಯ ಪ್ರಶ್ನೆ ಅಷ್ಟು ಸುಲಭದಲ್ಲಿ ಬಗೆಹರಿಯುವುದಿಲ್ಲ. ಮಿಳಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಕೊಟ್ಟ ಉತ್ತರದಂತೆ ಗಾಲಿ, ಅಚ್ಚು, ನೊಗಗಳನ್ನು ಬಿಟ್ಟು ರಥವೆಂಬ ಬೇರೊಂದು ವಸ್ತುವಿಲ್ಲ. ರಥ ಎಂಬುದು ವ್ಯವಹಾರದ ಹೆಸರು. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅವಯವಗಳಲ್ಲಿ, ಅಂದರೆ ಬಿಡಿ ಭಾಗಗಳಲ್ಲಿ, ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ಇರುವ ಅವಯವಿ, ಅಂದರೆ ಇಡಿಯಾದ ವಸ್ತು, ಬೇರೆಯೇ ಪದಾರ್ಥ. ಟ್ರಾಂಬೋನಿನ ನಾದ ಹುಟ್ಟುವ ಬಗೆ ಇಲ್ಲಿ ನೈಯಾಯಿಕರ ಪರವಾಗಿ ಸಾಕ್ಷಿ ನುಡಿಯುವಂತಿದೆ. ಒಂದು ತುದಿ ತುಟಿಯಿಂದ ಮುಚ್ಚಿದ ಬರಿಯ ನೇರ ಕೊಳವೆಯಲ್ಲಿ ಏಳುವುದು ಮೂಲಸ್ವರದ ಒಂದು, ಮೂರು, ಐದರಂಥ ಬೆಸ ಮಡಿಯ ಕಂಪನಗಳು ಮಾತ್ರ. ಒಂದು ತುದಿಗೆ ಮೌತ್‌ಪೀಸ್, ಇನ್ನೊಂದಕ್ಕೆ ಬೆಲ್ ಕೂಡಿದಾಗ ಅವು ತಮ್ಮ ಜಾಗದಿಂದ ಸರಿದು, ಎರಡು, ಮೂರು, ನಾಲ್ಕು ಎಂಬ ಒತ್ತಾದ ಸರಣಿಗೆ ಬರುತ್ತವೆ. ಈ ಗುಣ ಯಾವೊಂದು ತುಂಡಿನಲ್ಲೂ ಇಲ್ಲ, ಕೂಟದಲ್ಲಿದೆ. ಬರಿಯ ಹೆಸರಿಗೆ ಇಂಥ ಗುಣ ಎಲ್ಲಿಂದ ಬರಬೇಕು? ಬೌದ್ಧರು ಜೋಡಣೆಯ ಕ್ರಮವೇ ಸಾಕು ಎಂದಾರು. ಆದರೆ ಆ ಕ್ರಮವನ್ನು ತುಂಡುಗಳ ಲೆಕ್ಕಕ್ಕೆ ಸೇರಿಸುವಂತಿಲ್ಲವಲ್ಲ.

ಆದರೆ ನ್ಯಾಯಮತಕ್ಕೆ ಒಂದು ದುಬಾರಿ ಬೆಲೆಯಿದೆ. ಬಟ್ಟೆಯಿಂದ ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ‘ಖಂಡಪಟ’ವೆಂಬ ಹೊಸ ಬಟ್ಟೆ ಹುಟ್ಟುತ್ತದೆ ಎಂದು ಅವರು ಹೇಳಲೇಬೇಕಾಗುತ್ತದೆ. ಹಾಗಿದ್ದರೆ ಸ್ಲೈಡ್ ಬದಲಿಸಿದ ದಿನವೇ ಅಜ್ಜನ ಕಾಲದ ಟ್ರಾಂಬೋನ್ ಇಲ್ಲವಾಯಿತು. ಊದುವವರು ಯಾರೂ ಇದನ್ನು ನಂಬುವುದಿಲ್ಲ. ‘ಇದು ಅದೇ’ ಎಂಬ ಪ್ರತ್ಯಭಿಜ್ಞೆಗೆ ಸಾದೃಶ್ಯವೇ ಕಾರಣ ಎಂಬ ಸಮಾಧಾನ ತರ್ಕಕ್ಕೆ ಸರಿ, ಮನಸ್ಸಿಗೆ ಒಗ್ಗದು.

ಈ ಇಕ್ಕಟ್ಟಿಗೆ ಇನ್ನೊಂದು ದಾರಿಯಿದೆ: ಉಳಿಯುವುದೂ ಅಳಿಯುವುದೂ ಒಟ್ಟಿಗೇ ನಡೆಯುತ್ತವೆ ಎಂಬುದು ಜೈನರ ನಿಲುವು. ಮಂಡ್ಯ ಜಿಲ್ಲೆಯಲ್ಲಿ ಇದೇನೂ ಪರಸ್ಥಳದ ಮತವಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಗಳೇ ಇವೆ. ಉತ್ಪಾದ (ಹುಟ್ಟು), ವ್ಯಯ (ಅಳಿವು), ಧ್ರೌವ್ಯ (ಉಳಿವು) ಮೂರೂ ಕೂಡಿದ್ದೇ ಸತ್ ಎನ್ನುತ್ತದೆ ತತ್ತ್ವಾರ್ಥಸೂತ್ರ. ಸಮಂತಭದ್ರಾಚಾರ್ಯರು ಇದಕ್ಕೆ ಅಕ್ಕಸಾಲೆಯ ದೃಷ್ಟಾಂತ ಕೊಡುತ್ತಾರೆ. ಚಿನ್ನದ ಕಲಶ ಕರಗಿಸಿ ಕಿರೀಟ ಮಾಡಿದರೆ ಕಲಶ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮಾರ್ಪಾಡಾದ ಟ್ರಾಂಬೋನಿನ ಮುಂದೆಯೂ ಇಂಥ ಮೂವರನ್ನು ನಿಲ್ಲಿಸಬಹುದು: ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆನ್ನುವ ಸಂಗ್ರಾಹಕ, ಶ್ರುತಿ ಸೇರಿದರೆ ಸಾಕೆನ್ನುವ ವಾದಕ, ಹಿತ್ತಾಳೆಯನ್ನು ತೂಕಕ್ಕೆ ಹಾಕುವ ಗುಜರಿಯವ.

ಈ ಸೀಮೆಯ ಜನಪದ ಕಾವ್ಯವಾದ ಮಂಟೇಸ್ವಾಮಿ ಕಾವ್ಯದಲ್ಲೂ ಅಳಿಯುವ, ಉಳಿಯುವ ಇದೇ ಇಬ್ಬಗೆಯಿದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಆ ಕಥೆಯಲ್ಲಿ ಮದ್ದೂರು ತಾಲ್ಲೂಕಿನ ನಿಡಘಟ್ಟದ, ಲೋಹದ ಕಸುಬಿನ ಪಾಂಚಾಳರ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಪಡೆಯುತ್ತಾನೆ. ಮನೆ ಹೋಯಿತು, ಕುಲಕಸುಬು ಹೋಯಿತು, ಹೆಸರು ಸಿದ್ದಪ್ಪಾಜಿ ಎಂದಾಯಿತು. ಹೆತ್ತವರಿಗೆ ಮಗ ಕಳೆದುಹೋದ, ಗುರುವಿಗೆ ಮಗ ಸಿಕ್ಕಿದ. ಆಮೇಲೆ ಗುರು ಅವನನ್ನು ಕಬ್ಬಿಣದ ಭಿಕ್ಷೆಗೆಂದು ಕಳಿಸುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರ ಬಳಿಗೇ. ಬಿಟ್ಟುಬಂದ ಕುಲದವರ ಎದುರಿಗೆ, ಬಿಟ್ಟುಬಂದ ಕಸುಬಿನ ಲೋಹವನ್ನು ಬೇಡಲು ಅವನು ನಿಲ್ಲಬೇಕಾಗುತ್ತದೆ. ಹಳೆಯ ಕೆಂಪಾಚಾರಿ ಪೂರ್ತಿ ಅಳಿದಿದ್ದರೆ ಈ ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ.

ತೆಗೆದುಹಾಕಿದ ಭಾಗದ ಗತಿಯೇನು ಎಂಬುದು ಕೊನೆಯ ತೊಡಕು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೂ ಹಡಗು ಅದೇಯೇ ಎಂದು ಕೇಳುವ ಗ್ರೀಕರ ಥೀಸಿಯಸ್‌ನ ಹಡಗಿನ ಕಥೆಗೆ ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಸೇರಿಸಿದ ತಿರುವು ಇದೇ: ಕಳಚಿದ ಹಲಗೆಗಳನ್ನೆಲ್ಲ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಮೂಲದ್ದು ಯಾವುದು? ವಾದ್ಯಗಳಲ್ಲಿ ಇದು ಬರಿಯ ಊಹೆಯಲ್ಲ. ಒಂದರಿಂದ ತೆಗೆದ ಬೆಲ್ ಇನ್ನೊಂದರ ಕೊರಳಿಗೆ ಬೀಳಬಹುದು. ದೇವಾಲಯದ ಜೀರ್ಣೋದ್ಧಾರ ವಿಧಿಗೆ ಈ ತೊಡಕು ಗೊತ್ತಿದ್ದಂತಿದೆ. ಭಿನ್ನವಾದ ಬಿಂಬದ ಸಾನ್ನಿಧ್ಯವನ್ನು ಮೊದಲು ಕಲಶಕ್ಕೆ ಇಳಿಸಿಕೊಂಡು, ಹೊಸ ಬಿಂಬದಲ್ಲಿ ಪ್ರತಿಷ್ಠೆ ಮಾಡಿ, ಹಳೆಯದನ್ನು ನೀರಿಗೆ ಬಿಡುತ್ತಾರೆ. ಎರಡು ಬಿಂಬಗಳು ಒಂದೇ ದೇವರ ಹಕ್ಕು ಸಾಧಿಸಲು ಅಲ್ಲಿ ಆಸ್ಪದವಿಲ್ಲ. ವಾದ್ಯ ರಿಪೇರಿಗೆ ಅಂಥ ಆಗಮವಿಲ್ಲವಾದ್ದರಿಂದ, ಒಂದೇ ವಾದ್ಯದ ಬೆಲ್ ಒಂದೆಡೆ, ಸ್ಲೈಡ್ ಇನ್ನೊಂದೆಡೆ ಮೂಲದ ಹೆಸರನ್ನು ಹೊತ್ತು ಸಾಗಬಹುದು.