ಒಂದೇ ಪ್ರವಾಸ, ಮೂರು ಪಾಲಿಸಿ

2019ರ ಆಗಸ್ಟ್ 9ರ ರಾತ್ರಿ ನಮ್ಮ ಮನೆತನದ ಒಂಬತ್ತು ಮಂದಿ ಬೆಂಗಳೂರಿನಿಂದ ಸಿಂಗಪುರಕ್ಕೆ ಹೊರಡಬೇಕಿತ್ತು. ಗಡಹಿಂಗ್ಲಜದಿಂದ ಅಣ್ಣ, ವೈನಿ ಮತ್ತು ಅವ್ವ. ಇಚಲಕರಂಜಿಯಿಂದ ತಮ್ಮನ ಸಂಸಾರ. ಕೊಲ್ಹಾಪುರದಿಂದ ನಾವು ಮೂವರು. ಅವ್ವ ವಿಮಾನ ಹತ್ತುವುದು ಅದೇ ಮೊದಲು. ಟಿಕೆಟ್, ಹೋಟೆಲು ಎಲ್ಲ ಒಂದೇ ಟೂರ್ ಏಜೆಂಟನ ಕೈಯಲ್ಲಿ ಕೊಟ್ಟಿದ್ದೆವು. ವಿಮೆಯನ್ನು ಮಾತ್ರ ಅವರವರೇ ಮಾಡಿಸಿಕೊಂಡೆವು. ಅದರಲ್ಲಿ ವಿಚಾರ ಮಾಡುವಂಥದ್ದು ಏನಿದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಬೇರೆ ಬೇರೆ ಪಾಲಿಸಿ ಆಗುವುದಕ್ಕೆ ಜಗಳವೇನೂ ಬೇಕಿಲ್ಲ. ವಯಸ್ಸಾದವರನ್ನು ಎಷ್ಟೋ ಫ್ಯಾಮಿಲಿ ಪಾಲಿಸಿಗಳು ಒಳಗೆ ಸೇರಿಸಿಕೊಳ್ಳುವುದಿಲ್ಲ. ಸೇರಿಸಿಕೊಂಡರೂ ಅವರಿಂದಾಗಿ ಎಲ್ಲರ ಕಂತು ಏರುತ್ತದೆ. ಹಾಗಾಗಿ 71 ವರ್ಷದ ಅವ್ವನಿಗೆ ಒಂದು ಬೇರೆ ಪಾಲಿಸಿ. ಅಣ್ಣ ತನಗೂ ವೈನಿಗೂ ಪರಿಚಯದ ಏಜೆಂಟನಿಂದ ತೆಗೆಸಿದ. ನಾನು ಮೊಬೈಲಿನಲ್ಲಿ ಹುಡುಕಿ, ಪ್ರವಾಸ ರದ್ದಾದರೂ ಹಣ ಸಿಗುವಂಥದ್ದನ್ನು ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಕೊಂಡೆ. ತಮ್ಮ ತನ್ನ ಕ್ರೆಡಿಟ್ ಕಾರ್ಡಿನಲ್ಲೇ ವಿಮೆ ಪುಕ್ಕಟೆ ಇದೆಯೆಂದ. ಪ್ರವಾಸದ ಹಣವನ್ನು ಅದೇ ಕಾರ್ಡಿನಿಂದ ಕಟ್ಟಿದ್ದರೆ ಮಾತ್ರ ಆ ವಿಮೆ ನಡೆಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನು ಏಜೆಂಟನಿಗೆ ಕೊಟ್ಟಿದ್ದು ರೊಕ್ಕ.

ಆ ವರ್ಷದ ಮಳೆ ನಿಮಗೆ ನೆನಪಿರಬೇಕು. ಜುಲೈ 27ರಂದು ಮುಂಬೈಯಿಂದ ಕೊಲ್ಹಾಪುರಕ್ಕೆ ಬರುತ್ತಿದ್ದ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ವಾಂಗಣಿಯ ಹತ್ತಿರ ನೆರೆಯಲ್ಲಿ ಸಿಕ್ಕಿಕೊಂಡಿತು. ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಿ ಉಳಿಸಿದರು. ಅದಾಗಿ ಹತ್ತು ದಿನದೊಳಗೆ ನೀರು ನಮ್ಮ ಊರಿಗೇ ಬಂತು. ರಾಜಾರಾಮ ಬಂಧಾರದಲ್ಲಿ ಪಂಚಗಂಗೆಗೆ 43 ಅಡಿ ಅಪಾಯದ ಮಟ್ಟ. ಆ ಸಲ 55 ಅಡಿ ದಾಟಿತು. ಶಿರೋಲಿಯ ಬಳಿ ಹೆದ್ದಾರಿ ಮುಳುಗಿ ದಿನಗಟ್ಟಲೆ ಬಂದ್ ಆಯಿತು. ನಮ್ಮ ಮನೆಯೊಳಗೆ ನೀರು ಬರಲಿಲ್ಲ, ಆದರೆ ಊರು ಬಿಟ್ಟು ಹೋಗಲು ದಾರಿಯೇ ಇರಲಿಲ್ಲ. ಇಚಲಕರಂಜಿಯಲ್ಲಿ ತಮ್ಮನ ಪವರ್‌ಲೂಮ್ ಶೆಡ್ಡಿಗೆ ನೀರು ನುಗ್ಗಿ ಮಗ್ಗದ ಮೋಟಾರುಗಳೆಲ್ಲ ಹಾಳಾದವು.

ಅಣ್ಣ, ವೈನಿ, ಅವ್ವ ಮಾತ್ರ ಆಗಸ್ಟ್ 2ಕ್ಕೇ ಬೆಳಗಾವಿಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ವೈನಿಯ ತಂಗಿಯ ಮನೆಯಲ್ಲಿದ್ದರು. ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತು. ಅವರು ಹತ್ತಲಿಲ್ಲ. ಅವ್ವ ಅಂದದ್ದು ಇಷ್ಟೇ: "ಮಕ್ಕಳು ನೀರಾಗ ಕುಂತಾವ, ನಾ ಹೋಗಿ ಊರ ನೋಡ್ಲ್ಯಾ?"

ಮುಂದೆ ಕಾಗದಪತ್ರಗಳು ಶುರುವಾದವು. ಹೊರಡುವ ಊರಿನಲ್ಲಿ ನೈಸರ್ಗಿಕ ವಿಪತ್ತು ಆಗಿ ಪ್ರಯಾಣ ತಪ್ಪಿದರೆ ಪರಿಹಾರ ಎಂದು ನನ್ನ ಪಾಲಿಸಿಯಲ್ಲಿ ಬರೆದಿತ್ತು. ಎರಡು ತಿಂಗಳಲ್ಲಿ 1 ಲಕ್ಷ 41 ಸಾವಿರ ಖಾತೆಗೆ ಬಂತು. ಅಣ್ಣನ ಅರ್ಜಿ ತಿರಸ್ಕೃತವಾಯಿತು. ಅವನ ಪಾಲಿಸಿಯಲ್ಲೂ ರದ್ದತಿಯ ಪರಿಹಾರ ಇತ್ತು. ಆದರೆ ಅವನು ಹೊರಡಬೇಕಾಗಿದ್ದ ಊರು ಬೆಂಗಳೂರು, ಅಲ್ಲಿ ವಿಪತ್ತಿಲ್ಲ. ಹತ್ತಿರದ ಸಂಬಂಧಿ ಸತ್ತರೆ, ಆಸ್ಪತ್ರೆ ಸೇರಿದರೆ ಪರಿಹಾರವಿತ್ತು. ನಾವು ಸತ್ತಿರಲಿಲ್ಲ, ಆಸ್ಪತ್ರೆಯಲ್ಲೂ ಇರಲಿಲ್ಲ. ಜೊತೆ ಪ್ರಯಾಣಿಕರಿಗೆ ಬರಲಾಗದಿದ್ದರೆ ಎಂಬ ಮಾತೂ ಇತ್ತು, ಆದರೆ ಜೊತೆ ಪ್ರಯಾಣಿಕರೆಂದರೆ ಅದೇ ಪಾಲಿಸಿಯಲ್ಲಿ ಹೆಸರಿದ್ದವರು. ಒಂದೇ ತಾಯಿಯ ಮಕ್ಕಳಾದರೂ ಆ ಕಾಗದದ ಲೆಕ್ಕದಲ್ಲಿ ನಾವು ಅವನ ಜೊತೆಯವರಲ್ಲ. ಪರಿಹಾರ ಇಲ್ಲದ ಕಾರಣಗಳ ಪಟ್ಟಿಯಲ್ಲಿ ಒಂದು ಸಾಲಿತ್ತು. ಅವ್ವನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ: ಪ್ರಯಾಣ ಮಾಡಲು ಮನಸ್ಸಿಲ್ಲದಿರುವುದು. "ಅದು ಖರೇನ ಐತಿ ಬಿಡು," ಅಂದಳು ಅವ್ವ. "ಮನಸ್ಸ ಬರಲಿಲ್ಲ."

ಆ ಸಾಲಿನ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಅದಿಲ್ಲದೆ ವಿಮೆ ನಡೆಯುವುದಿಲ್ಲ. ಮನಸ್ಸು ಬರಲಿಲ್ಲವೆಂದವರಿಗೆಲ್ಲ ಹಣ ಕೊಡುತ್ತ ಹೋದರೆ, ಮನಸ್ಸು ಬಂದು ಹೋಗಿ ಅಲ್ಲಿ ಕಾಲು ಮುರಿದುಕೊಂಡವನಿಗೆ ಏನೂ ಉಳಿಯುವುದಿಲ್ಲ. ಯಾರೋ ಪರಿಚಯದವರು ಪುಣೆಯ ವಿಮಾ ಲೋಕಪಾಲರಿಗೆ ದೂರು ಕೊಡಿ, ಅದಕ್ಕೆ ಖರ್ಚಿಲ್ಲ ಎಂದರು. ಅದು ನಿಜ, ಕಂಪನಿ ತಪ್ಪಾಗಿ ನಿರಾಕರಿಸಿದೆ ಎನಿಸಿದವರು ಆ ಬಾಗಿಲು ತಟ್ಟಲೇಬೇಕು. ಆದರೆ ಅಣ್ಣ ದೂರಿನಲ್ಲಿ ಏನೆಂದು ಬರೆಯಬೇಕಿತ್ತು?

ಇನ್ನೊಂದು ದಾರಿಯನ್ನೂ ಒಬ್ಬರು ತೋರಿಸಿದರು. ಅವ್ವನಿಗೆ ಬಿಪಿ ಇದೆ. ಆ ದಿನ ತಲೆ ತಿರುಗಿ ಬಿದ್ದಳೆಂದು ಒಂದು ಸರ್ಟಿಫಿಕೇಟ್ ತಂದರೆ ಮೂವರ ಹಣವೂ ಬರುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅದು ತೀರ ಕೆಟ್ಟದ್ದೆಂದು ತೋರಲಿಲ್ಲ. ದೊಡ್ಡ ಕಂಪನಿ, ಮುಖವಿಲ್ಲದ ಕಂಪನಿ. ಅಣ್ಣನಿಗಾದ ನಷ್ಟ ನಿಜ. ಅವ್ವನ ಬಿಪಿಯೂ ನಿಜ. ಬೇಡವೆಂದದ್ದು ಅವ್ವ. "ಇಲ್ಲದ ಬ್ಯಾನಿ ಯಾಕ ಬರಸ್ತೀರಿ? ನಾಳೆ ಖರೇನ ಬಂದೀತು." ಎಲ್ಲರೂ ನಕ್ಕೆವು, ಮಾತು ಅಲ್ಲಿಗೇ ನಿಂತಿತು. ಆಮೇಲೆ ನನಗನ್ನಿಸಿದ್ದು ಬೇರೆ. ಸರ್ಟಿಫಿಕೇಟ್ ತಂದಿದ್ದರೆ ಕಂಪನಿಗೆ ಸುಳ್ಳು ಹೇಳಿದಂತಾಗುತ್ತಿತ್ತು, ಅದು ಹೇಗೂ ತಪ್ಪು. ಆ ಹಣ ನಮ್ಮಂಥ ಸಾವಿರಾರು ಜನರ ಕಂತು. ಜೊತೆಗೆ ಅವ್ವ ಮಾಡಿದ ಕೆಲಸವನ್ನೂ ಅಳಿಸಿ ಹಾಕಿದಂತಾಗುತ್ತಿತ್ತು. ಅವಳು ನಮಗಾಗಿ ವಿಮಾನ ಬಿಟ್ಟದ್ದು ಕಾಗದದಲ್ಲಿ ತಲೆತಿರುಗು ಎಂದು ದಾಖಲಾಗುತ್ತಿತ್ತು.

ವಿಮಾ ಕಾನೂನಿನಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಪೂರ್ಣ ಸತ್ಯ ಹೇಳಬೇಕೆಂಬ ತತ್ವ ಹಳೆಯದು. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅದನ್ನು ಸ್ಪಷ್ಟವಾಗಿ ಹೇಳಿದರು. ಸುಮಾತ್ರಾದ ಒಂದು ಕೋಟೆಗೆ ಮಾಡಿಸಿದ್ದ ವಿಮೆಯ ವ್ಯಾಜ್ಯ ಅದು. ಅದಕ್ಕಿಂತ ಬಹಳ ಹಳೆಯ ಇನ್ನೊಂದು ನಿಯಮವಿದೆ, ನನ್ನನ್ನು ಕಾಡಿದ್ದು ಅದು. ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಹಡಗು ಹಗುರಾಗಲೆಂದು ಒಬ್ಬನ ಸರಕನ್ನು ನೀರಿಗೆ ಎಸೆದರೆ, ಉಳಿದ ಸರಕಿನವರೆಲ್ಲ ಸೇರಿ ಪ್ರಮಾಣಕ್ಕೆ ತಕ್ಕಂತೆ ಅವನ ನಷ್ಟ ತುಂಬಬೇಕು. ರೋಡ್ಸ್ ದ್ವೀಪದ ಕಡಲ ಕಾನೂನೆಂದು ಇದಕ್ಕೆ ಹೆಸರು. ರೋಮನ್ನರು ತಮ್ಮ ಕಾನೂನಿನೊಳಗೆ ಇದನ್ನು ಸೇರಿಸಿಕೊಂಡರು. ಸಂತ ಪೌಲನನ್ನು ರೋಮಿಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಾಗ ಸರಕನ್ನೂ ಕೊನೆಗೆ ಗೋದಿಯನ್ನೂ ಸಮುದ್ರಕ್ಕೆ ಚೆಲ್ಲಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದಿದ್ದೇವೆ. ಆ ಗೋದಿ ಯಾರದ್ದೋ ಆಗಿತ್ತಲ್ಲ ಎಂದು ನಾನು ಎಂದೂ ಯೋಚಿಸಿರಲಿಲ್ಲ.

ಈ ನಿಯಮ ಸತ್ತಿಲ್ಲ. ಹಡಗಿನ ವ್ಯಾಪಾರದವರು ಇದನ್ನು ಇಂದಿಗೂ ಜನರಲ್ ಆವರೇಜ್ ಎನ್ನುತ್ತಾರೆ. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ದೊಡ್ಡ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡಿತ್ತಲ್ಲ, ಆಗಲೂ ಹಡಗಿನ ಮಾಲೀಕರು ಇದೇ ನಿಯಮ ಘೋಷಿಸಿದರು. ಅದರಲ್ಲಿದ್ದ 18 ಸಾವಿರಕ್ಕೂ ಹೆಚ್ಚು ಕಂಟೇನರುಗಳ ಸರಕಿನವರ ಮೇಲೆ ಹಡಗು ಬಿಡಿಸಿದ ಖರ್ಚಿನ ಪಾಲು ಬಿತ್ತು. ವಿಮೆ ಇದ್ದವರ ಪಾಲನ್ನು ಅವರ ಕಂಪನಿ ಕೊಡುತ್ತದೆ, ಇಲ್ಲದವರು ಕೈಯಿಂದ ಕೊಡಬೇಕು. ಪಾಲಿಸಿ ನೂರು ತರದ್ದಿರಲಿ, ಒಂದೇ ಹಡಗಿನಲ್ಲಿ ಹೊರಟಿದ್ದೇ ಅವರನ್ನು ಒಬ್ಬರಿಗೊಬ್ಬರು ಹೊಣೆ ಮಾಡುತ್ತದೆ. ಒಬ್ಬರ ಮುಖ ಒಬ್ಬರು ನೋಡದ ವ್ಯಾಪಾರಿಗಳಿಗೇ ಹೀಗಿರುವಾಗ, ಒಂದೇ ಒಲೆಯ ರೊಟ್ಟಿ ತಿಂದು ಬೆಳೆದ ನಮಗೆ?

ಇದನ್ನು ತಮ್ಮನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. "ಹಡಗಿನ್ಯಾಗ ಸರಕು ಒಗದದ್ದರಿಂದ ಉಳಿದವರು ಬದುಕಿದ್ರು. ಅಣ್ಣ ಹೋಗಲಿಲ್ಲಂದ್ರ ನಮ್ಮ ನೀರೇನು ಇಳೀತು? ನಾವೇನು ಬ್ಯಾಡ ಅಂದಿದ್ವಿ?" ಅವನ ವಾದದಲ್ಲಿ ಹುರುಳಿದೆ. ಕೇಳದೆ ಮಾಡಿದ ತ್ಯಾಗಕ್ಕೆ ಬಿಲ್ಲು ಕಳಿಸುವಂತಿಲ್ಲ; ಅಣ್ಣ ಕಳಿಸಿಯೂ ಇರಲಿಲ್ಲ. ಅವರು ಹೋಗಿದ್ದರೂ ನಾವು ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಪ್ರಾಮಾಣಿಕವಾಗಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಲ್ಲಿಯಲ್ಲಿ ನೀರಿಲ್ಲದೆ, ಕರೆಂಟಿಲ್ಲದೆ ನಾವು ಕುಳಿತಿದ್ದ ಆ ಸಂಜೆ ಮನೆಯ ವಾಟ್ಸಾಪ್ ಗುಂಪಿಗೆ ಸಿಂಗಪುರದ ದೀಪಾಲಂಕಾರದ ಫೋಟೋ ಬಂದಿದ್ದರೆ? ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇಟ್ಟುಕೊಂಡ ಮಾತು ಮನೆಗಳಲ್ಲಿ ಎಷ್ಟು ವರ್ಷ ಉಳಿಯುತ್ತದೆಂದು ನಮಗೆಲ್ಲ ಗೊತ್ತು. ಅಣ್ಣ ನೀರಿಗೆ ಎಸೆದ ಸರಕಿನಿಂದ ಉಳಿದದ್ದು ಅದೇ ಇರಬೇಕು.

ಇಷ್ಟು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯವರೆಗೆ 1 ಲಕ್ಷ 41 ಸಾವಿರ ನನ್ನ ಖಾತೆಯಲ್ಲೇ ಇತ್ತು, ನಾನು ಅಣ್ಣನಿಗೆ ಹೇಳಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದ ವಾದ ಸರಳವಾಗಿತ್ತು: ಕಂತು ನಾನು ಕಟ್ಟಿದೆ, ಷರತ್ತು ನಾನು ಓದಿದೆ, ಹಣ ನನ್ನ ನಷ್ಟಕ್ಕೆ ಬಂದದ್ದು. ಯಾವ ಮಾತೂ ಸುಳ್ಳಲ್ಲ. ಹತ್ತು ಮಂದಿ ಕನ್ನಿಕೆಯರ ಸಾಮತಿಯೂ ನನ್ನ ಬೆಂಬಲಕ್ಕಿತ್ತು. ಎಣ್ಣೆ ತಂದವರು ತರದವರಿಗೆ ಹಂಚಲಿಲ್ಲ, ಅವರನ್ನು ಯಾರೂ ತಪ್ಪೆನ್ನಲಿಲ್ಲ. ಆದರೆ ಅಲ್ಲಿ ಅವರು ಕೊಟ್ಟ ಕಾರಣ ಇಬ್ಬರಿಗೂ ಸಾಲದು ಎಂಬುದು. ದೀಪದ ಎಣ್ಣೆ ಅರ್ಧವಾದರೆ ಎರಡು ದೀಪವೂ ನಡುರಾತ್ರಿ ಆರುತ್ತವೆ. ಹಣ ಹಾಗಲ್ಲ. ಅಲ್ಲದೆ ಅಣ್ಣ ಎಣ್ಣೆ ತರದವನೂ ಅಲ್ಲ. ತಂದಿದ್ದ, ಅವನ ಎಣ್ಣೆ ಆ ಬತ್ತಿಗೆ ಹತ್ತಲಿಲ್ಲ, ಅಷ್ಟೇ.

ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿಗೆ ಗಡಹಿಂಗ್ಲಜಕ್ಕೆ ಹೋದಾಗ 70 ಸಾವಿರ ಲಕೋಟೆಯಲ್ಲಿಟ್ಟು ಒಯ್ದೆ. ವೈನಿ ಸಂಕೇಶ್ವರದ ಮೆಣಸಿನಕಾಯಿ ಬಿಸಿಲಿಗೆ ಹರವುತ್ತಿದ್ದರು. ಅಣ್ಣ ಎಣಿಸಿ ನೋಡಿ, "ಇದು ತಪ್ಪ ಲೆಕ್ಕ," ಅಂದ. ನನಗೆ ಎದೆ ಧಸಕ್ಕೆಂದಿತು. "ನಿನ್ನ ಕಂತಿನ ರೊಕ್ಕ ಹಿಡಕೊಂಡಿಲ್ಲಲ್ಲೋ. ಅದನ್ನ ಮೊದಲ ತಗಿ, ಆಮ್ಯಾಲ ಹಂಚು." ಎರಡು ಸಾವಿರ ಚಿಲ್ಲರೆ ತಿರುಗಿ ಕೊಟ್ಟ, ಉಳಿದದ್ದನ್ನು ತೆಗೆದುಕೊಂಡ. ಬೇಡ ಬೇಡವೆಂದು ನಾಟಕ ಮಾಡದೆ ತೆಗೆದುಕೊಂಡನಲ್ಲ, ಅದಕ್ಕೆ ಅವನಿಗೆ ಇಂದಿಗೂ ಋಣಿ.

ತಮ್ಮನ ವಿಷಯ ಬೇರೆ. ಅವನು ಯಾವ ಪಾಲಿಸಿಯನ್ನೂ ಕೊಂಡಿರಲಿಲ್ಲ, ಕಾರ್ಡಿನ ಷರತ್ತನ್ನು ಓದಿರಲಿಲ್ಲ. ಸಾಮತಿಯ ಎಣ್ಣೆ ಇಲ್ಲದವರು ಯಾರಾದರೂ ಇದ್ದರೆ ಅವನೇ. ಆದರೆ ನೀರು ನುಗ್ಗಿದ್ದೂ ಅವನ ಶೆಡ್ಡಿಗೇ. ಅಜಾಗರೂಕತೆಯ ನಷ್ಟವನ್ನು ಜಾಗರೂಕರು ತುಂಬುತ್ತ ಹೋದರೆ ಮುಂದೆ ಯಾರು ಎಚ್ಚರದಿಂದಿರುತ್ತಾರೆ ಎಂದು ನಾನು. ನೆರೆಯಲ್ಲಿ ಮುಳುಗಿದವನ ಮುಂದೆ ಎಚ್ಚರದ ಪಾಠ ಹೇಳುತ್ತೀಯಾ ಎಂದು ನನ್ನ ಹೆಂಡತಿ. ಪ್ರವಾಸದ ನಷ್ಟಕ್ಕೆ ಅವನಿಗೆ ಏನೂ ಕೊಡಲಿಲ್ಲ. ಮಗ್ಗದ ಮೋಟಾರಿಗೆಂದು 30 ಸಾವಿರ ಸಾಲವಾಗಿ ಕೊಟ್ಟೆ, ಅವನು ಎರಡು ವರ್ಷದಲ್ಲಿ ತೀರಿಸಿದ. ಅದನ್ನು ತಿರುಗಿ ತೆಗೆದುಕೊಂಡದ್ದು ಸರಿಯೋ ಎಂದು ಆಗಾಗ ಅನುಮಾನ ಬರುತ್ತದೆ.

ಈ ವರ್ಷ ಮತ್ತೆ ಎಲ್ಲರೂ ಸೇರಿ ಹೋಗುವ ಮಾತು ನಡೆದಿದೆ. ಈಗಲೂ ಒಂದೇ ಪಾಲಿಸಿ ಆಗುವುದಿಲ್ಲ; ಅವ್ವನ ವಯಸ್ಸಿಗೆ ಬೇರೆಯದೇ ಬೇಕು, ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದಿದೆ, ಅದನ್ನು ಮುಚ್ಚಿಡದೆ ಬರೆದರೆ ಕಂತು ಹೆಚ್ಚು. ಹಾಗಾಗಿ ಹೋದ ಭಾನುವಾರ ಪೂಜೆ ಮುಗಿಸಿಕೊಂಡು ಅವ್ವನ ಮನೆಯಲ್ಲಿ ಕುಳಿತೆವು. ನನ್ನ ಮಗಳು ಒಂದೊಂದೇ ಪಾಲಿಸಿಯ ಷರತ್ತನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳುತ್ತ ಹೋದಳು, ಸೊಸೆಯಂದಿರಿಗೆ ಮರಾಠಿಯಲ್ಲಿ. ಒಬ್ಬರು ಕಾಯಿಲೆ ಬಿದ್ದರೆ ಜೊತೆಗೆ ಯಾರು ಉಳಿಯುವುದು, ಉಳಿದವರ ಟಿಕೆಟ್ಟಿನ ನಷ್ಟ ಯಾರ ಯಾರ ಮೇಲೆ, ಎಂದು ತಮ್ಮ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡ. ಅವ್ವ ಅರ್ಧ ಕೇಳಿ, ಅರ್ಧ ತೂಕಡಿಸಿದಳು. ಕೊನೆಗೆ ಮನಸ್ಸಿನ ಸಾಲು ಬಂದಾಗ ಎಚ್ಚರಾಗಿ, "ಅದಿನ್ನೂ ಐತೇನು?" ಎಂದು ಕೇಳಿದಳು. ಇದೆ ಎಂದಳು ಮಗಳು.