ಯೂದನಿಗೆ ಕೊರತೆಯಾದದ್ದೇನು?

ಮಾಡಿದ ತಪ್ಪಿಗೆ ಮನಸ್ಸು ನೋಯಬೇಕು, ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಆದ ನಷ್ಟಕ್ಕೆ ಪರಿಹಾರ ಕಟ್ಟಿಕೊಡಬೇಕು. ಮಧ್ಯಯುಗದ ಕ್ರೈಸ್ತ ಪಂಡಿತರು ಪಶ್ಚಾತ್ತಾಪಕ್ಕೆ ಹೇಳಿದ ಮೂರು ಅಂಗಗಳಿವು. ಈ ಅಳತೆಗೋಲು ಹಿಡಿದು ಹೊಸ ಒಡಂಬಡಿಕೆಯನ್ನು ಓದಿದರೆ ಇರಿಸುಮುರಿಸಾಗುತ್ತದೆ. ಮೂರನ್ನೂ ಪೂರೈಸಿದವನು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಇಸ್ಕರಿಯೋತ. ಯೇಸುವಿಗೆ ಮರಣದಂಡನೆ ಖಚಿತವಾದದ್ದನ್ನು ಕಂಡು ಅವನು ಮರುಗಿದ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆನೆಂದು ಯಾಜಕರೆದುರು ಒಪ್ಪಿಕೊಂಡ. ಪಡೆದಿದ್ದ 30 ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲೇ ಎಸೆದ. ಆಮೇಲೆ ಹೋಗಿ ನೇಣು ಹಾಕಿಕೊಂಡ ಎನ್ನುತ್ತದೆ ಮತ್ತಾಯನ ಸುವಾರ್ತೆ.

ಯೇಸುವನ್ನು ಹಿಡಿದ ರಾತ್ರಿಯೇ ಇನ್ನೊಬ್ಬ ಶಿಷ್ಯ ಪೇತ್ರ ತನ್ನ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ್ದ. ಅವನು ಅತ್ತ ಎಂಬುದನ್ನು ಬಿಟ್ಟರೆ ಯಾರ ಮುಂದಾದರೂ ಒಪ್ಪಿಕೊಂಡನೆಂದಾಗಲೀ ಪರಿಹಾರ ಕೊಟ್ಟನೆಂದಾಗಲೀ ಅಲ್ಲಿ ಬರೆದಿಲ್ಲ. ಆದರೂ ಸಭೆಯ ಮುಂದಾಳಾದವನು ಪೇತ್ರ.

ಯೂದನ ಪಾಪ ದೊಡ್ಡದು, ಪೇತ್ರನದು ಚಿಕ್ಕದು ಎಂದು ತೂಗಿ ಇದನ್ನು ಬಗೆಹರಿಸಲಾಗದು. ಪಾಪದ ತೂಕದ ಮೇಲೆ ಕ್ಷಮೆ ನಿಂತಿದ್ದರೆ ಕ್ರೈಸ್ತಧರ್ಮಕ್ಕೆ ಹೇಳುವುದಕ್ಕೇ ಏನೂ ಉಳಿಯುತ್ತಿರಲಿಲ್ಲ. ಇಬ್ಬರೂ ತಮ್ಮ ದುಃಖವನ್ನು ಎಲ್ಲಿಗೆ ಒಯ್ದರು ಎಂಬುದನ್ನು ನೋಡಬೇಕು. ಯೂದ ಹೋದದ್ದು ಯಾಜಕರ ಬಳಿಗೆ. ಅದು ನಿನ್ನ ಪಾಡು, ನಮಗೇನು ಎಂದು ಅವರು ಕೈತೊಳೆದುಕೊಂಡರು. ಅವನು ಅದನ್ನೇ ಕೊನೆಯ ತೀರ್ಪೆಂದುಕೊಂಡು ತಾನೇ ಅಪರಾಧಿ, ತಾನೇ ನ್ಯಾಯಾಧೀಶ, ತಾನೇ ಕೊರಳಿಗೆ ಕುಣಿಕೆ ಹಾಕುವವನೂ ಆದ. ಪೇತ್ರ ನಾಚಿಕೆಯನ್ನು ಹೊತ್ತುಕೊಂಡೇ ಸಂಗಡಿಗರ ನಡುವೆ ಉಳಿದ. ತಾನು ಅಲ್ಲಗಳೆದವನ ಕಣ್ಣಿಗೆ ಮತ್ತೆ ಬೀಳುವಂತೆ ಉಳಿದ. ನಂಬಿಕೆ ಎಂಬುದಕ್ಕೆ ಇಲ್ಲಿರುವ ಅರ್ಥ ಇಷ್ಟೆ: ನನ್ನ ಬಗ್ಗೆ ಕೊನೆಯ ಮಾತು ಹೇಳುವ ಹಕ್ಕು ನನಗೂ ಇಲ್ಲ ಎಂದು ಒಪ್ಪುವುದು. ಅದಿಲ್ಲದ ಪಶ್ಚಾತ್ತಾಪ ತನ್ನನ್ನೇ ತಿನ್ನತೊಡಗುತ್ತದೆ.

ಹಾಗಾದರೆ ಕ್ಷಮೆ ಮೊದಲೇ ಕಾದು ಕೂತಿದೆಯೆಂದು ನಂಬಿದವನು ಬದಲಾಗುವ ಗೋಜಿಗೇಕೆ ಹೋಗಬೇಕು? ಆಕ್ಷೇಪಣೆ ನ್ಯಾಯವಾದದ್ದೇ. ಹಣ ಪಡೆದು ಪಾಪವಿಮೋಚನಾ ಪತ್ರ ಮಾರುವುದನ್ನು 1517ರಲ್ಲಿ ಪ್ರಶ್ನಿಸಿದ ಮಾರ್ಟಿನ್ ಲೂಥರ್, ವಿಶ್ವಾಸಿಯ ಇಡೀ ಬಾಳೇ ಪಶ್ಚಾತ್ತಾಪವಾಗಬೇಕೆಂಬ ಮಾತಿನಿಂದಲೇ ತನ್ನ 95 ವಾದಗಳನ್ನು ಆರಂಭಿಸಿದ. ಅದೇ ಲೂಥರನ ಹೆಸರು ಹೇಳುವ ಸಭೆಗಳು ಕೃಪೆಯನ್ನು ಅಗ್ಗದ ಸರಕು ಮಾಡಿಕೊಂಡಿವೆಯೆಂದು ಪಾದ್ರಿ ಡೀಟ್ರಿಶ್ ಬೋನ್‌ಹೋಫರ್ 1937ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ ಕೂತು ಬರೆದ.

ಈ ಆಕ್ಷೇಪಣೆಗೆ ಲೂಕನ ಸುವಾರ್ತೆಯಲ್ಲಿ ಬರುವ ಜಕ್ಕಾಯನೇ ಉತ್ತರ. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಆತ. ಅವನು ತುಟಿ ಬಿಚ್ಚುವ ಮೊದಲೇ ಯೇಸು ಅವನ ಮನೆಗೆ ಬರುತ್ತೇನೆಂದ, ಊರವರು ಗೊಣಗಿದರು. ಜಕ್ಕಾಯ ಬಾಯಿಬಿಟ್ಟದ್ದು ಆಮೇಲೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು. ತಪ್ಪೊಪ್ಪಿಕೊಂಡವನು ಮೂಲದ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದಷ್ಟೇ ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಕ್ಷಮೆಯನ್ನು ಕೊಳ್ಳಹೊರಟವನು ಚೌಕಾಸಿ ಮಾಡುತ್ತಾನೆ. ಅದು ಮೊದಲೇ ದೊರೆತವನು ಲೆಕ್ಕ ಮೀರಿ ಕೊಡುತ್ತಾನೆ.

ಜಕ್ಕಾಯ ಕೊಡಲು ಹೊರಟದ್ದು ದೇವಾಲಯಕ್ಕಲ್ಲ, ಬಡವರಿಗೆ ಮತ್ತು ವಂಚನೆಗೊಳಗಾದವರಿಗೆ ಎಂಬುದೂ ಮುಖ್ಯ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಯೇಸು ಬೋಧಿಸಿದ್ದ. ದೇವರೇ ಕ್ಷಮಿಸಿದ್ದಾನೆ, ನೀನೂ ಕ್ಷಮಿಸಿಬಿಡು ಎಂದು ನೊಂದವರ ಮುಂದೆ ನಿಲ್ಲುವುದು ಇನ್ನೊಂದು ಬಗೆಯ ವಸೂಲಿ. ನೊಂದವರು ಕ್ಷಮಿಸದೆಯೂ ಇರಬಹುದು. ಅದು ಅವರ ಹಕ್ಕು. ಅವರು ಕ್ಷಮಿಸದಿದ್ದರೂ ಕುಸಿಯದೆ, ಮುನಿಯದೆ, ಕೊಡಬೇಕಾದ್ದನ್ನು ಕೊಡುತ್ತಲೇ ಇರಲು ತ್ರಾಣ ಬೇಕು. ಪಶ್ಚಾತ್ತಾಪಕ್ಕೆ ನಂಬಿಕೆ ಬೇಕಾಗುವುದು ಅದಕ್ಕಾಗಿ.