ಭಂಗಾರದೊಳಗಿನ ಬಂಗಾರ

ನಮ್ಮ ಬೀದರ್ ಕಡೆಯ ಮಾತಿನಲ್ಲಿ ಒಂದು ತಮಾಷೆಯಿದೆ. ಬಂಗಾರ ಅಂದರೆ ಚಿನ್ನ. ಅದೇ ಮೊದಲ ಅಕ್ಷರಕ್ಕೆ ಒಂದು ಮಹಾಪ್ರಾಣ ಕೊಟ್ಟು 'ಭಂಗಾರ' ಅಂದರೆ ಗುಜರಿ. ಮಾತಿನ ಭರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಹಳೆ ಸಾಮಾನಿನ ಅಂಗಡಿಗೆ ಹೋಗುವವರೆಲ್ಲರ ಆಸೆ ನಿಂತಿರುವುದು ಈ ಒಂದು ಅಕ್ಷರದ ಮೇಲೆ: ಮಾರುವವನಿಗೆ ಭಂಗಾರವಾಗಿ ಕಂಡದ್ದು ನನ್ನ ಕೈಗೆ ಬಂದಾಗ ಬಂಗಾರವಾಗಲಿ. ಹಾಗೆ ಆದಾಗ ನಾವು ನಾಲ್ಕು ಜನಕ್ಕೆ ಹೇಳಿಕೊಂಡು ಬೀಗುತ್ತೇವೆ. ಆದರೆ ಆ ಲಾಭ ಬಂದದ್ದು ಎಲ್ಲಿಂದ? ನಮ್ಮ ಜಾಣತನದಿಂದಲೋ, ಅದೃಷ್ಟದಿಂದಲೋ, ಅಥವಾ ಎದುರಿಗಿದ್ದವರ ಜೇಬಿನಿಂದಲೋ?

ನನಗೆ ಈ ಪ್ರಶ್ನೆ ಎದುರಾದದ್ದು ಆಟದ ದಾರಿಯಲ್ಲಿ. ನನ್ನ ಹವ್ಯಾಸ ವಾರ್‌ಗೇಮ್. ಕಂಪ್ಯೂಟರಿನದ್ದಲ್ಲ; ಮೇಜಿನ ಮೇಲೆ ನಕ್ಷೆ ಹರಡಿ, ಬೆರಳುದ್ದದ ಸಿಪಾಯಿಗಳನ್ನು ನಿಲ್ಲಿಸಿ, ದಾಳ ಹಾಕಿ ಆಡುವುದು. ದೊಡ್ಡವರಿಗೆ ಇದೆಂಥ ಆಟ ಎಂದು ನಗುವವರಿಗೆ ನಾನು ಎಚ್.ಜಿ. ವೆಲ್ಸ್ ಹೆಸರು ಹೇಳುತ್ತೇನೆ. ಕಾಲಯಂತ್ರದ ಕಥೆ ಬರೆದ ಆ ಲೇಖಕ 1913ರಲ್ಲಿ ಇಂಥ ಆಟಕ್ಕೆ ನಿಯಮಗಳನ್ನು ಹೇಳುವ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನೇ ಬರೆದ. ಮರುವರ್ಷವೇ ನಿಜವಾದ ಮಹಾಯುದ್ಧ ಶುರುವಾಯಿತು.

ನಾನೂ ಗೆಳೆಯನೂ ಈಗ ಆಡುತ್ತಿರುವುದು ನಮ್ಮೂರಿನದೇ ಯುದ್ಧ. 1657ರ ಮಾರ್ಚ್‌ನಲ್ಲಿ, ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬ್ ಬೀದರ್ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಆಗ ಬಿಜಾಪುರದ ಆದಿಲಶಾಹಿಗಳದ್ದು. ಕಿಲ್ಲೇದಾರ ಸಿದ್ದಿ ಮರ್ಜಾನ್. ಕೊನೆಗೆ ಒಂದು ಕಿಡಿ ಮದ್ದಿನ ರಾಶಿಗೆ ತಗುಲಿ ಸಿಡಿಯಿತು, ಮರ್ಜಾನ್ ತೀವ್ರವಾಗಿ ಗಾಯಗೊಂಡ, 27 ದಿನಗಳಲ್ಲಿ ಕೋಟೆ ಕೈಬಿಟ್ಟಿತು. ಈ ಕಿಡಿಗೆ ನಮ್ಮ ಆಟದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ: ಮುತ್ತಿಗೆ ಹಾಕಿದವನಿಗೆ ಎರಡು ದಾಳದಲ್ಲಿ ಜೋಡಿ ಆರು ಬಿದ್ದರೆ ಮದ್ದು ಸಿಡಿಯುತ್ತದೆ. ಲೆಕ್ಕದ ಪ್ರಕಾರ ಅದು 36ರಲ್ಲಿ 1 ಸಲ.

ಕಳೆದ ವಾರ ಸಣ್ಣಪುಟ್ಟ ವಿಘ್ನಗಳ ವಾರ. ಸೋಮವಾರ ತರಿಸಿಕೊಂಡ ಪಾರ್ಸೆಲ್ ಒಡೆದು ಬಂತು, ಹತ್ತು ದಾಳಗಳಲ್ಲಿ ಎರಡು ಇರಲಿಲ್ಲ. ಮಂಗಳವಾರ ಸಿಪಾಯಿಗಳಿಗೆ ಹಚ್ಚಬೇಕೆಂದು ಹಸಿರು ಬಣ್ಣದ ಬಾಟಲಿ ತೆಗೆದರೆ ಅದು ಒಣಗಿ ಕಲ್ಲಾಗಿತ್ತು. ಬುಧವಾರ ಕರೆಂಟ್ ಹೋಯಿತು. ಗುರುವಾರ ಆಟ ಕೂಡಿಬಂತು, ಕೋಟೆ ನನ್ನದು. ಬುರುಜು ಬುರುಜಿಗೂ ಕಾವಲು ಇಟ್ಟಿದ್ದೆ. ನಾಲ್ಕನೇ ಸುತ್ತಿನಲ್ಲೇ ಗೆಳೆಯನಿಗೆ ಜೋಡಿ ಆರು ಬಿತ್ತು. ಅವನು ಟೊಪ್ಪಿಗೆ ಸರಿಮಾಡಿಕೊಳ್ಳುತ್ತ, "ನೋಡಿದೇನು, ಇದಕ್ಕ ಪ್ಲ್ಯಾನ್ ಅಂತಾರ" ಎಂದ.

ಸೋತವರು ದಾಳವನ್ನು ಬೈಯುತ್ತಾರೆ, ಗೆದ್ದವರಿಗೆ ದಾಳದ ನೆನಪೇ ಇರುವುದಿಲ್ಲ. ಬದುಕಿನಲ್ಲೂ ನಷ್ಟಕ್ಕೆ ನಾವು ಇಡುವ ಹೆಸರು ಹಣೆಬರಹ, ಲಾಭಕ್ಕೆ ಇಡುವ ಹೆಸರು ಬುದ್ಧಿವಂತಿಕೆ. ಅಗ್ಗದಲ್ಲಿ ಸಿಕ್ಕ ವಸ್ತುವಿನ ಬಗ್ಗೆ ನಮ್ಮನ್ನು ನಾವು ಪ್ರಶ್ನಿಸಿಕೊಳ್ಳದಿರುವುದು ಇದೇ ಕಾರಣಕ್ಕೆ. ಕಳೆದುಕೊಂಡಾಗ 'ನನಗೇ ಯಾಕೆ ಹೀಗೆ' ಎನ್ನುವವರು ಪಡೆದಾಗಲೂ ಅದೇ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಅದೇ ವಾರದ ಕೊನೆಯಲ್ಲಿ ಎರಡು ಅಗ್ಗದ ವಸ್ತುಗಳು ಎದುರಾದವು. ಶನಿವಾರ ಭಾಲ್ಕಿಗೆ ಹೋಗಿದ್ದೆ. ಪರಿಚಯದವರೊಬ್ಬರ ಮನೆಯಲ್ಲಿ ಹಳೆ ಬಿಸ್ಕೀಟಿನ ಡಬ್ಬಿ ತುಂಬ ಪ್ಲಾಸ್ಟಿಕ್ ಸಿಪಾಯಿಗಳಿದ್ದವು. ಆ ಮನೆಯ ತಾಯಿ ಕೇಳಿದ್ದು 100 ರೂಪಾಯಿ. "ಅಕ್ಕಾ, ಇವು ಆನ್‌ಲೈನ್‌ನಾಗ ಸಾವಿರದ ಮ್ಯಾಲ ಹೋಗ್ತಾವ" ಅಂದೆ. ಆಕೆ ನಕ್ಕಳು. "ಹೋದ್ರ ಹೋಗ್ಲಿ ತಮ್ಮಾ. ಮಗ ಪುಣೆದಾಗ ನೌಕರಿ ಮಾಡ್ತಾನ. ಪೆಟ್ಟಿಗ್ಯಾಗ ಕೊಳಿಯೋದಕಿಂತ ಆಡೋರ ಕೈಯಾಗ ಇರ್ಲಿ." ಬೆಲೆ ತಿಳಿದ ಮೇಲೂ ಆಕೆ ಬಿಟ್ಟುಕೊಟ್ಟ 900 ರೂಪಾಯಿ ಆಕೆಯ ಕೊಡುಗೆ. ನಾನದನ್ನು ನಿಶ್ಚಿಂತೆಯಿಂದ ತಂದೆ.

ಭಾನುವಾರ ಸಂಬಂಧಿಕರ ಕಾರ್ಯಕ್ರಮಕ್ಕೆಂದು ಔರಾದಕ್ಕೆ ಹೋದಾಗ ಅಲ್ಲೊಂದು ಭಂಗಾರದ ಅಂಗಡಿಯಲ್ಲಿ ದಾಳ ಇಡುವುದಕ್ಕೆ ಹೇಳಿ ಮಾಡಿಸಿದಂಥ ಪುಟ್ಟ ಡಬ್ಬಿ ಕಂಡಿತು. ಮೈಯೆಲ್ಲ ಮಸಿ. ಅಂಗಡಿಯ ಹಿರಿಯರು ಕೈಯಲ್ಲಿ ತೂಗಿ ನೋಡಿ, "ಜಸ್ತ ಅದ ರೀ, ತೂಕದ ಮ್ಯಾಲ ತಗೋರಿ" ಅಂದರು. ಕರವಸ್ತ್ರದ ತುದಿಯಿಂದ ಮುಚ್ಚಳದ ಅಂಚು ಉಜ್ಜಿದೆ. ಬಳ್ಳಿಯೊಂದರ ಸಣ್ಣ ಎಳೆ ಬೆಳ್ಳಗೆ ಹೊಳೆಯಿತು. ಬಿದ್ರಿ ಕೆಲಸ.

ಬಿದ್ರಿ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಅದರ ಮೈ ಜಸ್ತ, ಅಂದರೆ ಸತು. ಜೊತೆಗೆ ಸ್ವಲ್ಪ ತಾಮ್ರ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಾಯಿಸಿ ತಿಕ್ಕಿದರೆ ಜಸ್ತ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆದರೆ ವರ್ಷಗಟ್ಟಲೆ ಯಾರೂ ಒರೆಸದಿದ್ದರೆ ಬೆಳ್ಳಿಯೂ ಕಪ್ಪಿಡಿದು ಕಪ್ಪಿನಲ್ಲಿ ಕಪ್ಪು ಬೆರೆಯುತ್ತದೆ. ಆಗ ಬಂಗಾರ, ಭಂಗಾರ ಎರಡೂ ಒಂದೇ.

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೋ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಯಿದೆ: ಒಬ್ಬ ಚಿನ್ನವನ್ನು ಹಿತ್ತಾಳೆ ಎಂದುಕೊಂಡು ಮಾರುತ್ತಿದ್ದರೆ, ಒಳ್ಳೆಯವನಾದವನು ಅದು ಚಿನ್ನ ಎಂದು ಹೇಳಬೇಕೋ, ಅಥವಾ ಸಾವಿರದ ವಸ್ತುವನ್ನು ಒಂದು ನಾಣ್ಯಕ್ಕೆ ಕೊಂಡು ನಡೆಯಬೇಕೋ? ಗ್ರೀಕ್ ತತ್ವಜ್ಞಾನಿಗಳಲ್ಲೇ ಈ ಬಗ್ಗೆ ಒಮ್ಮತವಿರಲಿಲ್ಲ. ಮಾರುವವನು ಕಾನೂನು ಹೇಳಿದಷ್ಟನ್ನು ತಿಳಿಸಿದರೆ ಸಾಕು ಎಂದವನು ಡಯೋಜಿನಿಸ್. ಗೊತ್ತಿರುವುದನ್ನೆಲ್ಲ ಇನ್ನೊಬ್ಬರಿಗೆ ತೆರೆದಿಡಬೇಕು ಎಂದವನು ಅವನದೇ ಶಿಷ್ಯ ಆಂಟಿಪೇಟರ್.

ಡಯೋಜಿನಿಸನ ಪರವಾಗಿ ಹೇಳುವ ಮಾತೂ ಇದೆ. ನಾನು ಬಿದ್ರಿ ಗುರುತಿಸುವುದನ್ನು ಕಲಿಯಲು ವರ್ಷಗಳು ಹಿಡಿದವು. ಕಲಿಕೆಗೆ ಬೆಲೆ ಬೇಡವೇ? ಬೇಕು. ಅಂಗಡಿಯವರು ಮನೆಮನೆ ತಿರುಗಿ ಹೊತ್ತು ತರುತ್ತಾರೆ, ಬೇರ್ಪಡಿಸುತ್ತಾರೆ. ಕೊಂಡವರು ತೊಳೆದು ತಿಕ್ಕಿ ಹೊಸದು ಮಾಡುತ್ತಾರೆ. ಇದೆಲ್ಲ ದುಡಿಮೆ, ಅದಕ್ಕೆ ಸಿಗುವ ಲಾಭ ನ್ಯಾಯವಾದದ್ದೇ. ಆದರೆ ಯಾವ ಲಾಭದಲ್ಲಿ ದುಡಿಮೆ ಏನೂ ಇಲ್ಲದೆ ಎದುರಿನವರಿಗೆ ಗೊತ್ತಿಲ್ಲ ಎಂಬುದೊಂದೇ ಬಂಡವಾಳವಾಗಿದೆಯೋ ಅದನ್ನು ಗಳಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ನನ್ನ ಆಟವೇ ನನಗೆ ಸಹಾಯಕ್ಕೆ ಬಂತು. ಆಧುನಿಕ ವಾರ್‌ಗೇಮ್‌ನ ಮೂಲವೆನಿಸಿದ 'ಕ್ರೀಗ್‌ಶ್ಪೀಲ್' ನಿಯಮಗಳನ್ನು ರೈಸ್‌ವಿಟ್ಸ್ ಎಂಬ ಪ್ರಶ್ಯನ್ ಸೇನಾಧಿಕಾರಿ 1824ರಲ್ಲಿ ಪ್ರಕಟಿಸಿದ. ಅದರಲ್ಲಿ ಒಬ್ಬ ಸೇನಾಪತಿಗೆ ಕಾಣುವುದು ಇನ್ನೊಬ್ಬನಿಗೆ ಕಾಣುವುದಿಲ್ಲ. ಆಟ ಅನ್ಯಾಯವಾಗದಿರಲಿ ಎಂದು ಎರಡೂ ಕಡೆ ನೋಡಬಲ್ಲ ಅಂಪೈರ್ ಒಬ್ಬ ಇರುತ್ತಾನೆ. ಭಂಗಾರದ ಅಂಗಡಿಯಲ್ಲೂ ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಂಡಿರುವುದಿಲ್ಲ, ಆದರೆ ಅಲ್ಲಿ ಅಂಪೈರ್ ಇಲ್ಲ. ಹಾಗಾಗಿ ಹೆಚ್ಚು ಕಂಡವನೇ, ಒಂದು ಕ್ಷಣ ತನ್ನ ಆಟ ಬಿಟ್ಟು, ಅಂಪೈರ್ ಆಗಬೇಕಾಗುತ್ತದೆ.

"ಕಾಕಾ, ಇದು ಬಿದ್ರಿ ಅದ. ತೂಕಕ್ಕ ಮಾರಬ್ಯಾಡ್ರಿ" ಅಂದೆ. ಅವರು ಬೆಲೆ ಏರಿಸುತ್ತಾರೆ, ನಾನು ಚೌಕಾಸಿ ಮಾಡುತ್ತೇನೆ ಎಂದುಕೊಂಡಿದ್ದೆ. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಒಬ್ಬಾಕಿ ಮುದುಕಿ ಹಳಿ ಪಾತೇಲಿ ಜೋಡಿ ತೂಕಕ್ಕ ಹಾಕಿ ಹೋಗ್ಯಾಳ. ಈಗ ಆಕಿಗಿ ನಾ ಏನ್ ಹೇಳ್ಲಿ ರೀ?" ಎಂದು ನನ್ನನ್ನೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೋ ವಾರ ಬರ್ತಾಳ, ಕೇಳ್ತೀನಿ" ಎಂದು ಅದನ್ನು ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟುಬಿಟ್ಟರು.

ನಾನು ನನ್ನೊಬ್ಬನ ಕರ್ತವ್ಯ ಎಂದುಕೊಂಡದ್ದು ಅವರ ಒಂದು ಪ್ರಶ್ನೆಯಿಂದ ಸರಪಳಿಯಾಯಿತು. ನಿಜ ಹೇಳುವುದರ ಕಷ್ಟ ಇದೇ ಇರಬೇಕು. ಹೇಳಿದವನು ಹಗುರಾಗುತ್ತಾನೆ, ಕೇಳಿಸಿಕೊಂಡವನ ಹೆಗಲಿಗೆ ಭಾರ ಬೀಳುತ್ತದೆ. ಆ ಭಾರವನ್ನು ಅವರು ನನಗಿಂತ ಸಹಜವಾಗಿ ಹೊತ್ತುಕೊಂಡರು. ಅವರು ದಿನವೂ ತಕ್ಕಡಿ ಹಿಡಿಯುವ ಮನುಷ್ಯ.

ಇದೇ ಜಿಲ್ಲೆಯ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯುವ ಕಾಯಕ ಮಾಡುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದ್ದನ್ನು ವಾಪಸ್ ಸುರಿದು ಬರಲು ಹೇಳಿದಳು ಎಂಬ ಕಥೆ ನಮಗೆಲ್ಲ ಗೊತ್ತು. ಆ ಅಕ್ಕಿ ಕದ್ದದ್ದಲ್ಲ. ನೆಲಕ್ಕೆ ಬಿದ್ದದ್ದು, ಯಾರೂ ಕೇಳುವವರಿರಲಿಲ್ಲ. ಲಕ್ಕಮ್ಮ ನೋಡಿದ್ದು ಕಾನೂನನ್ನಲ್ಲ, ತಮಗೆ ಸಲ್ಲುವ ಅಳತೆಯನ್ನು. ಕ್ರೀಗ್‌ಶ್ಪೀಲ್‌ನ ಅಂಪೈರ್ ಮೇಜಿನ ಪಕ್ಕ ನಿಂತಿರುತ್ತಾನೆ, ಅವಳ ಅಂಪೈರ್ ಅವಳ ಮರದೊಳಗೇ ಇದ್ದ.

ಎಲ್ಲರೂ ಲಕ್ಕಮ್ಮನಾಗಲು ಆಗದು. ಅಗ್ಗದ ವಸ್ತು ಕಂಡಾಗ ಕೈ ಮುಂದೆ ಹೋಗುವುದು ಸಹಜ, ಅದರಲ್ಲಿ ಸಂತೋಷವೂ ಇದೆ. ನಾನು ಇಟ್ಟುಕೊಂಡಿರುವ ಪರೀಕ್ಷೆ ಸಣ್ಣದು: ದುಡ್ಡು ಕೊಟ್ಟು ವಸ್ತು ಚೀಲಕ್ಕೆ ಹಾಕಿದ ಮೇಲೆ, ಅದರ ನಿಜವಾದ ಬೆಲೆಯನ್ನು ಮಾರಿದವರ ಮುಖ ನೋಡಿ ಹೇಳಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಕೊಳ್ಳುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲವರು ನಕ್ಕು, ಇರಲಿ ತಗೊಂಡು ಹೋಗು ಎನ್ನುತ್ತಾರೆ. ಕೆಲವರು ಗಲ್ಲಾಪೆಟ್ಟಿಗೆಯ ಹಿಂದೆ ಎತ್ತಿಡುತ್ತಾರೆ. ದಾಳಗಳು ಇನ್ನಷ್ಟು ದಿನ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇದ್ದರೆ ಆಟಕ್ಕೇನೂ ಕೊರತೆಯಿಲ್ಲ.